ಕೂದಲೆಳೆಯ ಇಂಗ್ಲಿಷ್

ಹೈಸ್ಕೂಲಿನ ಇಂಗ್ಲಿಷ್ ವ್ಯಾಕರಣದಲ್ಲಿ ಅಷ್ಟಿಷ್ಟು ಖುಷಿ ಕೊಡುತ್ತಿದ್ದ ಪಾಠವೆಂದರೆ 'ಡಿಗ್ರೀಸ್ ಆಫ್ ಕಂಪ್ಯಾರಿಸನ್'. ಲೆಕ್ಕದ ಹಾಗೆ ಸೂತ್ರ ಹಾಕಿ ಬಿಡಿಸಬಹುದಿತ್ತು. ಟಾಲ್, ಟಾಲರ್, ಟಾಲೆಸ್ಟ್. 'ರಾಮು ಈಸ್ ದ ಟಾಲೆಸ್ಟ್ ಬಾಯ್ ಇನ್ ದ ಕ್ಲಾಸ್' ಎಂಬುದನ್ನು 'ನೋ ಅದರ್ ಬಾಯ್ ಇನ್ ದ ಕ್ಲಾಸ್ ಈಸ್ ಆಸ್ ಟಾಲ್ ಆಸ್ ರಾಮು' ಎಂದು ತಿರುಗಿಸಿ ಬರೆದರೆ ಮಾರ್ಕ್ಸು ಖಾತ್ರಿ. ರಾಮು ಸೋಮುಗಿಂತ ಎತ್ತರ ಸರಿ, ಎಷ್ಟು ಎತ್ತರ? ಒಂದು ಗೇಣೋ, ಒಂದು ಬೆರಳೋ? ಅದನ್ನು ಪಾಠವೂ ಹೇಳುತ್ತಿರಲಿಲ್ಲ, ಪರೀಕ್ಷೆಯೂ ಕೇಳುತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಎದುರಾಗುವ ಇಂಗ್ಲಿಷಿನಲ್ಲಿ ಈ 'ಎಷ್ಟು' ಎಂಬುದೇ ತುಂಬಿಕೊಂಡಿರುತ್ತದೆ. ಷೇರುಪೇಟೆಯ ಸುದ್ದಿಯಲ್ಲಿ ಸೆನ್ಸೆಕ್ಸ್ 'ಮಾರ್ಜಿನಲಿ ಹೈಯರ್'. ಲ್ಯಾಬ್ ರಿಪೋರ್ಟಿನಲ್ಲಿ ಯಾವುದೋ ಕಿಣ್ವ 'ಮೈಲ್ಡ್ಲಿ ರೈಸ್ಡ್'. ಕಂಪನಿಯ ಅಪ್ರೈಸಲ್ ಪತ್ರದಲ್ಲಿ ವರ್ಷವಿಡೀ ದುಡಿದವನ ಕೆಲಸ 'ಸ್ಲೈಟ್ಲಿ ಬಿಲೋ ಎಕ್ಸ್‌ಪೆಕ್ಟೇಷನ್ಸ್'. ಆನೆಗೂ ಇರುವೆಗೂ ಇರುವ ಅಂತರ ಹೇಳಲು ಯಾವ ಭಾಷೆಯಲ್ಲೂ ಕಷ್ಟವಿಲ್ಲ. ಇರುವೆಗೂ ಇನ್ನೊಂದು ಇರುವೆಗೂ ಇರುವ ಅಂತರ ಹೇಳಹೊರಟಾಗ ಭಾಷೆಯ ಒಳಗುಟ್ಟು ಬಯಲಾಗುತ್ತದೆ. ಇಂಗ್ಲಿಷಿನ ಈ ಪುಟ್ಟ ಮಾತುಗಳು ಅಂತರವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ, ಹೇಳುವವರು ಯಾರ ಪಕ್ಷ ಎಂಬುದನ್ನು ಹೇಳುತ್ತವೆ.

ಮೊದಲು ಅವು ಕೂರುವ ಜಾಗ ನೋಡೋಣ. ಕನ್ನಡದ ಗುಣವಾಚಕ ಹೋಲಿಕೆಗೆಂದು ವೇಷ ಬದಲಿಸುವುದಿಲ್ಲ. ಎತ್ತರ ಎಲ್ಲಿದ್ದರೂ ಎತ್ತರವೇ. ಹೋಲಿಕೆಯ ಭಾರವನ್ನೆಲ್ಲ 'ಗಿಂತ' ಹೊರುತ್ತದೆ. 'ಅವಳು ನನಗಿಂತ ಎರಡು ವರ್ಷ ದೊಡ್ಡವಳು' ಎನ್ನುವಾಗ ಅಳತೆ ಮೊದಲು, ಗುಣ ಆಮೇಲೆ. ಇಂಗ್ಲಿಷಿನದೂ ಅದೇ ಜಾಡು: 'ಟೂ ಇಯರ್ಸ್ ಓಲ್ಡರ್'. ಹಾಗಾಗಿ ಅಳತೆ ಅಂಕಿಯಲ್ಲಿರುವಷ್ಟು ಹೊತ್ತು ನಾವು ಎಡವುವುದು ಕಡಿಮೆ, 'ಎಲ್ಡರ್ ಟು ಮಿ' ಎನ್ನುವ ಹಳೆಯ ಚಾಳಿಯೊಂದನ್ನು ಬಿಟ್ಟರೆ. ಅಂಕಿ ಹೋಗಿ ಮಾತು ಬಂದಾಗ ತೊಡಕು ಶುರು. ನಮ್ಮ 'ಬಹಳ' ಎಲ್ಲಿ ಬೇಕಾದರೂ ಕೂರುತ್ತದೆ: ಬಹಳ ಎತ್ತರ, ಅವನಿಗಿಂತ ಬಹಳ ಎತ್ತರ. ಇಂಗ್ಲಿಷಿನ 'ವೆರಿ'ಗೆ ಮೊದಲನೆಯ ಕುರ್ಚಿ ಮಾತ್ರ ಮೀಸಲು. 'ವೆರಿ ಟಾಲ್' ಸರಿ; 'ವೆರಿ ಟಾಲರ್' ಎಂದೊಡನೆ ಕೇಳುವವರ ಹುಬ್ಬು ಏರುತ್ತದೆ. ಅಲ್ಲಿ 'ಮಚ್', 'ಫಾರ್', 'ಎ ಲಾಟ್' ಬರಬೇಕು. ಅಂತರ ಸಣ್ಣದಾದರೆ 'ಎ ಬಿಟ್', 'ಎ ಲಿಟ್ಲ್', 'ಸ್ಲೈಟ್ಲಿ', 'ಮಾರ್ಜಿನಲಿ'.

ಈ ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆಯವು, ಓಡಾಡುವ ಬೀದಿ ಮಾತ್ರ ಬೇರೆ. 'ಎ ಬಿಟ್' ಮನೆ, ಅಂಗಡಿ, ಸ್ನೇಹಿತರ ನಡುವಿನದು. 'ಎ ಲಿಟ್ಲ್' ಎಲ್ಲಿಗೂ ಸಲ್ಲುತ್ತದೆ. 'ಸ್ಲೈಟ್ಲಿ' ಬರವಣಿಗೆಯ ಕಡೆ ವಾಲಿದ್ದು. 'ಮಾರ್ಜಿನಲಿ'ಯದು ಕಡತ, ವರದಿ, ವಾಣಿಜ್ಯ ಪುಟ. ನೆಗಡಿ ಹಿಡಿದ ಗೆಳೆಯನಿಗೆ 'ಯು ಲುಕ್ ಮಾರ್ಜಿನಲಿ ಬೆಟರ್ ಟುಡೇ' ಎಂದರೆ ಅವನು ತನ್ನನ್ನು ತ್ರೈಮಾಸಿಕ ಫಲಿತಾಂಶವೆಂದು ಭಾವಿಸಿಯಾನು. ಅಮೆರಿಕದ ಕಡೆಯಿಂದ ಬಂದ 'ಎ ಟ್ಯಾಡ್' ಇನ್ನೂ ಸಲಿಗೆಯದು. ಅದು ಗೊದಮೊಟ್ಟೆಯ ಇಂಗ್ಲಿಷ್ ಹೆಸರಾದ ಟ್ಯಾಡ್‌ಪೋಲ್‌ನಿಂದ ಒಡೆದು, ಚಿಕ್ಕ ಹುಡುಗ ಎಂಬ ಅರ್ಥದ ಮೂಲಕ ಬಂದಿರಬಹುದು ಎಂಬುದು ನಿಘಂಟುಕಾರರ ಊಹೆ. ನಮಗೂ ಇದು ಹೊಸತಲ್ಲ. ಮಂಡ್ಯದ ಕಡೆಯ 'ವಸಿ'ಯನ್ನು, ಕರಾವಳಿಯ 'ಚೂರು' ಎಂಬುದನ್ನು ಬ್ಯಾಂಕಿನ ಅರ್ಜಿಯಲ್ಲಿ ಯಾರೂ ಬರೆಯುವುದಿಲ್ಲ. ಅಲ್ಲಿ 'ಸ್ವಲ್ಪ', ತೀರಾ ಮಡಿಯಾದರೆ 'ಅಲ್ಪ ಪ್ರಮಾಣದಲ್ಲಿ'.

ಜಾಗ, ಬೀದಿ ಎರಡೂ ಸರಿಯಾದ ಮೇಲೂ ಒಂದು ಅಕ್ಷರ ಕಾಲೆಳೆಯಲು ಕಾದಿರುತ್ತದೆ. 'ಎ ಲಿಟ್ಲ್ ಬೆಟರ್' ಎಂದರೆ ಕೊಂಚ ವಾಸಿ. 'ಎ' ಬಿದ್ದುಹೋಗಿ 'ಲಿಟ್ಲ್ ಬೆಟರ್' ಆದರೆ ವಾಸಿಯೇ ಇಲ್ಲ ಎನ್ನುವಷ್ಟು ಕಡಿಮೆ. 'ಹಿ ಈಸ್ ಲಿಟ್ಲ್ ಬೆಟರ್ ದ್ಯಾನ್ ಎ ಥೀಫ್' ಎಂದಾಗ ಆ ಮನುಷ್ಯ ಕಳ್ಳನಿಗಿಂತ ತುಸು ಮೇಲು ಎಂಬ ಶಿಫಾರಸು ಸಿಗುವುದಿಲ್ಲ. ಅವನಿಗೂ ಕಳ್ಳನಿಗೂ ಏನೂ ಫರಕಿಲ್ಲ ಎಂಬ ಬೈಗುಳ ಸಿಗುತ್ತದೆ. ಕನ್ನಡದಲ್ಲಿ ಇಂಗ್ಲಿಷಿನ 'ಎ', 'ದ'ಗಳಂಥ ಪದಗಳೇ ಇಲ್ಲ. ಆದ್ದರಿಂದ ಬಾಯಿಮಾತಿನಲ್ಲಿ ಅದು ನಮಗೆ ಗೊತ್ತಿಲ್ಲದಂತೆ ಜಾರಿಬಿಡುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ 'ಫಾದರ್ ಈಸ್ ಲಿಟ್ಲ್ ಬೆಟರ್ ನೌ' ಎನ್ನುವ ಮಗನ ಮಾತು ಕೇಳಿ ಬೆಂಗಳೂರಿನ ತಂಗಿಗೆ ನಿರಾಳವಾಗುತ್ತದೆ, ಏಕೆಂದರೆ ಅವಳಿಗೂ ಆ ಇಂಗ್ಲಿಷ್ ಕನ್ನಡದಿಂದಲೇ ಬಂದದ್ದು. ಅದನ್ನೇ ಲಂಡನ್ನಿನ ಸಹೋದ್ಯೋಗಿಗೆ ಬರೆದು ಕಳಿಸಿದರೆ ಅವನು ಸಾಂತ್ವನದ ಮಾತು ಹುಡುಕಬೇಕಾದೀತು. 'ನೋ ಬಿಗರ್ ದ್ಯಾನ್' ಎಂಬುದೂ ಇದರ ದಾಯಾದಿ. ಒಂದು ಉಪಕರಣ 'ನೋ ಬಿಗರ್ ದ್ಯಾನ್ ಎ ಕಾಯಿನ್' ಎಂದರೆ ಅದು ನಾಣ್ಯಕ್ಕಿಂತ ದೊಡ್ಡದಲ್ಲ ಎಂಬ ಒಣ ಮಾಹಿತಿಯಷ್ಟೇ ಅಲ್ಲ, ಎಷ್ಟು ಚಿಕ್ಕದು ನೋಡಿ ಎಂಬ ಬೆರಗೂ ಅದರಲ್ಲಿದೆ.

ಇನ್ನು ಪಕ್ಷಪಾತದ ಮಾತಿಗೆ ಬರೋಣ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಟ್ರೋಫಿ ಫೈನಲ್. ಮುಂಬಯಿ ವಿರುದ್ಧ ಕರ್ನಾಟಕಕ್ಕೆ ನಾಲ್ಕನೆಯ ಇನಿಂಗ್ಸಿನಲ್ಲಿ ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ತಂಡ 331ಕ್ಕೆ ಆಲೌಟಾಯಿತು. ಸೋಲು ಆರು ರನ್ನಿನದು. ಆ ದಿನ ಮೈದಾನದಲ್ಲಿದ್ದವರಿಗೆ ಇಂದಿಗೂ ಆ ಆರು ರನ್ನು ಗಂಟಲಲ್ಲಿ ಸಿಕ್ಕಿಕೊಂಡಿರಬೇಕು. ಈ ಆರನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? 'ಕರ್ನಾಟಕ ನಿಯರ್ಲಿ ವನ್' ಎನ್ನಬಹುದು. 'ಕರ್ನಾಟಕ ಡಿಡ್ ನಾಟ್ ಕ್ವೈಟ್ ಮೇಕ್ ಇಟ್' ಎನ್ನಬಹುದು. 'ಮುಂಬಯಿ ಬೇರ್ಲಿ ವನ್' ಎನ್ನಬಹುದು. 'ಮುಂಬಯಿ ಹೆಲ್ಡ್ ಆನ್' ಎಂದೂ ಹೇಳಬಹುದು. ನಾಲ್ಕರಲ್ಲೂ ಸ್ಕೋರ್‌ಬೋರ್ಡ್ ಒಂದೇ, ನಾಲ್ಕೂ ನಿಜವೇ. 'ನಿಯರ್ಲಿ' ಸೋತವನ ಬೆನ್ನು ತಟ್ಟುತ್ತದೆ. 'ನಾಟ್ ಕ್ವೈಟ್' ಅವನ ಪ್ರಯತ್ನವನ್ನು ಒಪ್ಪಿಕೊಂಡೇ ಬಾಗಿಲು ಮುಚ್ಚುತ್ತದೆ. 'ಬೇರ್ಲಿ' ಗೆದ್ದವನ ಕಪ್ಪನ್ನು ಕೈಯಲ್ಲೇ ಬಿಟ್ಟು ಹೊಳಪನ್ನು ಮಾತ್ರ ಒರೆಸಿಹಾಕುತ್ತದೆ. 'ಹೆಲ್ಡ್ ಆನ್'ನಲ್ಲಿ ಅದೇ ಗೆಲುವು ಎದೆಗಾರಿಕೆಯಾಗುತ್ತದೆ.

ಸ್ವಾರಸ್ಯ ಇರುವುದು ಇಲ್ಲಿ. 'ನಿಯರ್ಲಿ ವನ್' ಎಂದವನು ಗೆದ್ದಿಲ್ಲ, ಆದರೂ ಮಾತಿನ ಮುಖ ಗೆಲುವಿನ ಕಡೆಗಿದೆ. 'ಬೇರ್ಲಿ ವನ್' ಎಂದವನು ಗೆದ್ದಿದ್ದಾನೆ, ಮಾತಿನ ಮುಖ ಸೋಲಿನ ಕಡೆಗೆ. ಹೋಲಿಕೆಯಲ್ಲೂ ಇದೇ ಆಟ. ಎರಡು ಹೋಟೆಲಿನ ಮಸಾಲೆ ದೋಸೆಗಳ ನಡುವೆ ರುಚಿಯ ಅಂತರ ಇಷ್ಟೇ ಇಷ್ಟು ಎಂದುಕೊಳ್ಳಿ. ಹೊಸ ಹೋಟೆಲಿನದು 'ನಿಯರ್ಲಿ ಆಸ್ ಗುಡ್' ಎಂದು ಬರೆದರೆ ಜನ ಅಲ್ಲಿಗೆ ಹೋಗಿ ನೋಡುತ್ತಾರೆ. 'ನಾಟ್ ಕ್ವೈಟ್ ಆಸ್ ಗುಡ್' ಎಂದರೆ ಹಳೆಯದರ ಮುಂದಿನ ಸಾಲು ಇನ್ನಷ್ಟು ಉದ್ದವಾಗುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು 'ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿದೆ' ಮತ್ತು 'ಅಷ್ಟು ಚೆನ್ನಾಗಿಲ್ಲ' ಮಾಡುತ್ತವೆ. ಎರಡನೆಯದರಲ್ಲಿ ಅಂತರ ಸಣ್ಣದೋ ದೊಡ್ಡದೋ ದನಿಯಿಂದಲೇ ತಿಳಿಯಬೇಕು. 'ಅಷ್ಟೊಂದು ಚೆನ್ನಾಗಿಲ್ಲ' ಎಂದು ಎಳೆದರೆ ಊಟ ಅರ್ಧಕ್ಕೆ ಬಿಟ್ಟು ಬಂದಿದ್ದಾರೆಂದೇ ಅರ್ಥ.

ಇದರ ಮೇಲೆ ಇಂಗ್ಲಿಷ್ ಇನ್ನೊಂದು ಬಲೆ ಹಾಸಿಟ್ಟಿದೆ. 'ನಿಯರ್ಲಿ ಆಸ್ ಗುಡ್' ಎಂದರೆ ಅಂತರ ಸಣ್ಣದು. ಅದಕ್ಕೊಂದು 'ನಾಟ್' ಸೇರಿಸಿ 'ನಾಟ್ ನಿಯರ್ಲಿ ಆಸ್ ಗುಡ್' ಎಂದರೆ? ಹತ್ತಿರವೂ ಸುಳಿಯದು, ಅಂತರ ದೊಡ್ಡದು. 'ನಾಟ್ ಕ್ವೈಟ್' ಸಣ್ಣ ಅಂತರಕ್ಕೆ, 'ನಾಟ್ ನಿಯರ್ಲಿ' ದೊಡ್ಡ ಅಂತರಕ್ಕೆ. ಇವೆರಡನ್ನು ಅದಲುಬದಲು ಮಾಡಿ ಶಿಫಾರಸು ಪತ್ರ ಬರೆದರೆ ಒಬ್ಬ ವಿದ್ಯಾರ್ಥಿಯ ಸೀಟೇ ಹೋದೀತು. 'ಕ್ವೈಟ್' ಒಂಟಿಯಾಗಿ ಬಂದರೂ ನಂಬಿಕೆಗೆ ಅರ್ಹವಲ್ಲ: ಬ್ರಿಟನ್ನಿನಲ್ಲಿ 'ಕ್ವೈಟ್ ಗುಡ್' ಎಂದರೆ ಅನೇಕ ಸಲ 'ಪರವಾಗಿಲ್ಲ' ಎನ್ನುವಷ್ಟು, ಅಮೆರಿಕದಲ್ಲಿ 'ಬಲು ಚೆನ್ನಾಗಿದೆ'.

ನನಗೆ ಈ ಬಳಗದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು 'ಇಫ್ ಎನಿಥಿಂಗ್'. ಅಂತರ ಇದೆಯೋ ಇಲ್ಲವೋ ಎಂಬಲ್ಲೇ ಅನುಮಾನವಿದ್ದಾಗ ಬರುವ ಮಾತು ಅದು. ಎರಡೂ ಒಂದೇ, ಹೇಳಲೇಬೇಕೆಂದರೆ ಇದೇ ಒಂದು ಕೈ ಮೇಲು ಎನ್ನುತ್ತೇವಲ್ಲ, ಹಾಗೆ. ಇಷ್ಟು ಸಂಕೋಚದಿಂದ ತೀರ್ಪು ಕೊಡುವ ಮಾತು ನಮ್ಮ ಟಿವಿ ಚರ್ಚೆಗಳಲ್ಲಿ ಕೇಳಿಬರದಿರುವುದರಲ್ಲಿ ಆಶ್ಚರ್ಯವಿಲ್ಲ.

ಸಣ್ಣ ಅಂತರದ ಬಣ್ಣದ ಮಾತುಗಳನ್ನು ಇಂಗ್ಲಿಷಿಗೆ ಧಾರಾಳವಾಗಿ ಕೊಟ್ಟದ್ದು ಕುದುರೆ ರೇಸು. ಬೆಂಗಳೂರು, ಮೈಸೂರಿನ ರೇಸಿನ ಫಲಿತಾಂಶಗಳನ್ನು ಇಂಗ್ಲಿಷ್ ಪತ್ರಿಕೆಗಳಲ್ಲಿ ನೋಡಿದವರಿಗೆ ಗೊತ್ತು, ಅಲ್ಲಿ ಗೆಲುವಿನ ಅಂತರವನ್ನು ಬರೆಯುವುದು ಕುದುರೆಯ ಮೈಯಲ್ಲೇ. ಒಂದು 'ಲೆಂಗ್ತ್' ಎಂದರೆ ಮೂಗಿನಿಂದ ಬಾಲದ ಬುಡದವರೆಗೆ, ಸುಮಾರು ಎಂಟು ಅಡಿ. ಅದಕ್ಕಿಂತ ಕಡಿಮೆಯಾದರೆ ಮುಕ್ಕಾಲು, ಅರ್ಧ. ಆಮೇಲೆ 'ನೆಕ್', 'ಹೆಡ್', 'ಶಾರ್ಟ್ ಹೆಡ್'. ಎಲ್ಲಕ್ಕಿಂತ ಕೊನೆಗೆ 'ನೋಸ್'. ಇವು ರೇಸಿನವರಿಗೆ ಅಲಂಕಾರವಲ್ಲ, ದುಡ್ಡು ಬಿಡುವ ಲೆಕ್ಕ. ಅಲ್ಲಿಂದ ಹೊರಬಿದ್ದು 'ನೆಕ್ ಅಂಡ್ ನೆಕ್' ಚುನಾವಣೆಗೆ ಬಂತು, 'ಫೋಟೊ ಫಿನಿಶ್' ಎಲ್ಲದಕ್ಕೂ ಬಂತು. ಗೆಲುವಿನ ಗುರುತಿನ ಕಂಬದ ಬಳಿ ಇನ್ನೊಬ್ಬ ಹಿಂದಿಕ್ಕಿದರೆ 'ಪಿಪ್ಡ್ ಅಟ್ ದ ಪೋಸ್ಟ್'. ಬೆಕ್ಕಿನ ಮೀಸೆಯಿಂದ 'ಬೈ ಎ ವಿಸ್ಕರ್'. ಕೂದಲಿನಿಂದ 'ಬೈ ಎ ಹೇರ್ಸ್ ಬ್ರೆಡ್ತ್', ಇದಕ್ಕೆ ನಮ್ಮ ಪತ್ರಿಕೆಗಳ 'ಕೂದಲೆಳೆಯ ಅಂತರ' ಸರಿಜೋಡಿ. ಕನ್ನಡದ ಉಳಿದ ಮಾತುಗಳು ಹೆಚ್ಚಾಗಿ ಕಾಳಿನ ಡಬ್ಬಿಯಿಂದ, ತಕ್ಕಡಿಯಿಂದ ಬಂದವು: ಎಳ್ಳಷ್ಟು, ಸಾಸಿವೆಯಷ್ಟು, ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯಷ್ಟು. 'ಎಳ್ಳಷ್ಟೂ ವ್ಯತ್ಯಾಸವಿಲ್ಲ' ಎನ್ನುತ್ತೇವೆ, ಎಳ್ಳಷ್ಟು ಹೆಚ್ಚು ಎನ್ನುವುದು ಅಪರೂಪ. ಅವರದು ಗೆದ್ದ ಅಂತರವನ್ನು ಮೆರೆಸುವ ಸರಕು, ನಮ್ಮದು ಅಂತರವೇ ಇಲ್ಲವೆಂದು ಸಾಧಿಸುವ ಸರಕು ಎಂದು ನನಗೆ ಅನ್ನಿಸುವುದುಂಟು. ಪಂಡಿತರು ಒಪ್ಪಬೇಕೆಂದೇನೂ ಇಲ್ಲ.

ಹಾಗಾದರೆ 'ಸ್ಲೈಟ್ಲಿ' ಎಂದರೆ ಎಷ್ಟು? ಅದಕ್ಕೆ ಅಂಕಿಯಿಲ್ಲ. ಜಗತ್ತಿನ ಎರಡನೆಯ ಅತಿ ಎತ್ತರದ ಶಿಖರ ಕೆ2 8,611 ಮೀಟರ್, ಮೂರನೆಯದಾದ ಕಾಂಚನಜುಂಗಾ 8,586 ಮೀಟರ್. ಕೆ2 'ಸ್ಲೈಟ್ಲಿ ಹೈಯರ್' ಎಂದರೆ ಯಾರೂ ತಕರಾರು ಮಾಡರು. ಆ 'ಸ್ಲೈಟ್ಲಿ'ಯೊಳಗೆ 25 ಮೀಟರ್ ಇದೆ, ಏಳೆಂಟು ಮಹಡಿಯ ಕಟ್ಟಡದಷ್ಟು. ಅದೇ 25 ಮೀಟರನ್ನು ತೆಂಗಿನಮರಗಳಿಗೆ ತಂದರೆ ಒಂದು ಇಡೀ ಮರವೇ ಹೆಚ್ಚಾದಂತೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎರ್ನ್‌ಸ್ಟ್ ಹೈನ್‌ರಿಕ್ ವೇಬರ್ 19ನೆಯ ಶತಮಾನದ ಮೊದಲರ್ಧದಲ್ಲಿ ಜನರ ಕೈಗೆ ತೂಕಗಳನ್ನು ಕೊಟ್ಟು, ಎಷ್ಟು ಹೆಚ್ಚಾದರೆ ಹೆಚ್ಚಾಯಿತೆಂದು ಗೊತ್ತಾಗುತ್ತದೆ ಎಂದು ಪರೀಕ್ಷಿಸಿದ. ಅವನಿಗೆ ಕಂಡದ್ದು, ನಮಗೆ ಗೊತ್ತಾಗುವ ಅತಿ ಸಣ್ಣ ಅಂತರ ಇಂತಿಷ್ಟೇ ಗ್ರಾಮ್ ಎಂದು ನಿಂತಿರುವುದಿಲ್ಲ, ಮೂಲ ತೂಕದ ಒಂದು ಪಾಲಾಗಿರುತ್ತದೆ. ಅವನ ಪ್ರಯೋಗದಲ್ಲಿ ಅದು ಸುಮಾರು ನಲವತ್ತರಲ್ಲಿ ಒಂದು ಪಾಲು. ಕೈಯಲ್ಲಿ ಭಾರ ಹೆಚ್ಚಿದ್ದಷ್ಟೂ ಅಂತರವೂ ಹೆಚ್ಚಬೇಕು. 'ಸ್ಲೈಟ್ಲಿ', 'ತುಸು' ಎಲ್ಲ ಭಾಷೆಯಲ್ಲೂ ರಬ್ಬರಿನಂತೆ ಎಳೆದಾಡುವುದಕ್ಕೆ ಕಾರಣ ಸಿಗುವುದು ಇಲ್ಲಿ.

ರಬ್ಬರು ಒಮ್ಮೊಮ್ಮೆ ಜೀವಕ್ಕೂ ಎರವಾಗುತ್ತದೆ. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್‌ಜಿನ್ ನದಿಯ ದಂಡೆಯಲ್ಲಿ ಬ್ರಿಟಿಷ್ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ತುಕಡಿಯನ್ನು ಚೀನೀ ಸೇನೆ ಸುತ್ತುಗಟ್ಟಿತ್ತು. ಪರಿಸ್ಥಿತಿ ಹೇಗಿದೆ ಎಂದು ಅಮೆರಿಕದ ಜನರಲ್ ಕೇಳಿದಾಗ ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ 'ಎ ಬಿಟ್ ಸ್ಟಿಕಿ' ಎಂದು ಉತ್ತರಿಸಿದನೆಂದು ಹೇಳುತ್ತಾರೆ. ಬ್ರಿಟಿಷ್ ಕಿವಿಗೆ ಅದು ಕೈಮೀರುತ್ತಿದೆ ಎಂಬ ಕೂಗು. ಅಮೆರಿಕನ್ ಕಿವಿಗೆ ಕೊಂಚ ಕಿರಿಕಿರಿ ಇದೆ, ನಿಭಾಯಿಸುತ್ತಿದ್ದಾರೆ ಎಂದು ಕೇಳಿಸಿತಂತೆ. ತುಕಡಿಯ ಬಹುಪಾಲು ಮಂದಿ ಸತ್ತರು ಇಲ್ಲವೇ ಸೆರೆಯಾದರು. ಸೋಲಿಗೆ ಆ ಎರಡು ಪದಗಳೇ ಕಾರಣ ಎನ್ನುವುದು ಅತಿಯಾದೀತು. ಸಂಖ್ಯೆಯಲ್ಲೇ ಚೀನೀಯರು ಬಹುಪಟ್ಟು ಹೆಚ್ಚಿದ್ದರು.

ನಮ್ಮ ಊರುಗಳಲ್ಲಿ ಇಂಥ ಮಾತು ಹೆಚ್ಚಾಗಿ ಕೈಗೆ ಬರುವುದು ಲ್ಯಾಬಿನ ಲಕೋಟೆಯಲ್ಲಿ. 'ಬಾರ್ಡರ್‌ಲೈನ್', 'ಮೈಲ್ಡ್ಲಿ ಎಲಿವೇಟೆಡ್', 'ಸ್ಲೈಟ್ಲಿ ಎನ್‌ಲಾರ್ಜ್ಡ್'. ಓದಿದವರು ಇಬ್ಬಗೆ. 'ಸ್ಲೈಟ್ಲಿ ಅಂತಷ್ಟೇ ಇದೆ ಬಿಡ್ರೀ' ಎಂದು ಲಕೋಟೆಯನ್ನು ಕಪಾಟಿಗೆ ಸೇರಿಸುವವರು ಒಂದು ಕಡೆ. 'ಎನ್‌ಲಾರ್ಜ್ಡ್' ಎಂಬುದನ್ನು ಮಾತ್ರ ಓದಿ ರಾತ್ರಿಯಿಡೀ ನಿದ್ದೆಗೆಡುವವರು ಇನ್ನೊಂದು ಕಡೆ. ಬರಿಹೊಟ್ಟೆಯ ಸಕ್ಕರೆ 100ರಿಂದ 125ರವರೆಗೆ ಇದ್ದರೆ ಮಧುಮೇಹದ ಹೊಸಿಲು, 126 ಮುಟ್ಟಿದರೆ ಮಧುಮೇಹ ಎಂಬುದು ಅಮೆರಿಕದ ಮಧುಮೇಹ ಸಂಘದ ಗೆರೆ. 125 ಮತ್ತು 126ರ ನಡುವೆ ದೇಹದೊಳಗೆ ಯಾವ ಕೋಟೆ ಗೋಡೆಯೂ ಇಲ್ಲ. ಒಂದೇ ಮನುಷ್ಯನ ಸಕ್ಕರೆ ಒಂದು ಬೆಳಗಿನಿಂದ ಇನ್ನೊಂದು ಬೆಳಗಿಗೆ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಆದ್ದರಿಂದಲೇ ಲಕ್ಷಣಗಳಿಲ್ಲದವರಲ್ಲಿ ಒಂದು ಸಲದ ಅಂಕಿಯನ್ನು ನಂಬದೆ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ವರದಿಯಲ್ಲಿ ಅಂಕಿ ಇರುವಾಗ ವಿಶೇಷಣವನ್ನು ಬಿಟ್ಟು ಅಂಕಿಯನ್ನೇ ನೋಡುವುದು ಮೇಲು, ಅದನ್ನು ವೈದ್ಯರ ಜೊತೆ ನೋಡುವುದು ಇನ್ನೂ ಮೇಲು.

ಅಂತರ ಎಷ್ಟೇ ಸಣ್ಣದಿರಲಿ, ಎಣಿಸುವಂಥದ್ದಾದರೆ ಅದು ಗಟ್ಟಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಆ ಒಂದು ಮತವನ್ನು 'ಮಾರ್ಜಿನಲಿ' ಎಂದು ಕರೆಯಿರಿ, 'ಬೈ ಎ ವಿಸ್ಕರ್' ಎನ್ನಿ, ಶಾಸಕರಂತೂ ಒಬ್ಬರೇ. ಅಳೆಯುವಂಥದ್ದಾದರೆ ಅಷ್ಟು ಸಲೀಸಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿಗೆ ಮುಗಿಸಿದರು, ಕಂಚು ಗೆದ್ದ ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41ಕ್ಕೆ. ಅವರ ಸರಾಸರಿ ವೇಗದಲ್ಲಿ ಆ ನೂರನೇ ಒಂದು ಸೆಕೆಂಡು ಎಂದರೆ ಏಳು ಸೆಂಟಿಮೀಟರ್. ಫೋಟೊದಲ್ಲಿ ಕಣ್ಣಿಗೆ ಕಾಣುವ ಅಂತರ ಅದು, ನೋವೂ ಅಷ್ಟೇ ನಿಜ.

2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಯಾರೋ ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. 'ಸ್ಲೈಟ್ಲಿ ಫಾಸ್ಟರ್ ದ್ಯಾನ್ ಬೋಲ್ಟ್' ಎಂಬ ಸುದ್ದಿ ಜಗತ್ತು ಸುತ್ತಿತು. ಮುಂದೆ ಎರಡು ಕೋಣಗಳು ಎಳೆಯುತ್ತಿದ್ದವು, ಕಾಲಡಿ ಕೆಸರು, ಓಟದ ದೂರ ಬೇರೆ, ಸಮಯ ಹಿಡಿಯುವ ಬಗೆ ಬೇರೆ. ಗೌಡರು ತಾವೇ ಶ್ರೇಯಸ್ಸಿನಲ್ಲಿ ಕೋಣಗಳಿಗೆ ಪಾಲು ಕೊಟ್ಟರು. ಇಲ್ಲಿ ಎಡವಟ್ಟಾದದ್ದು 'ಫಾಸ್ಟರ್' ಎಂಬಲ್ಲಿ ಮಾತ್ರವಲ್ಲ. 'ಸ್ಲೈಟ್ಲಿ' ಎಂಬ ವಿನಯದ ಪದವೇ ಸುದ್ದಿಯನ್ನು ನಂಬಿಸಿತು. ಬೋಲ್ಟ್‌ಗಿಂತ ಎರಡು ಸೆಕೆಂಡು ವೇಗ ಎಂದಿದ್ದರೆ ಎಲ್ಲರೂ ನಕ್ಕುಬಿಡುತ್ತಿದ್ದರು; 0.03 ಎಂದಾಗ ಯಾರೋ ಕೂತು ಎಚ್ಚರಿಕೆಯಿಂದ ಅಳೆದಂತೆ ಕೇಳಿಸಿತು.

ಈಜಿನವರಿಗೆ ಈ ವಿನಯದ ಬೆಲೆ 1972ರಲ್ಲೇ ಗೊತ್ತಾಗಿತ್ತು. ಮ್ಯೂನಿಕ್ ಒಲಿಂಪಿಕ್ಸಿನ 400 ಮೀಟರ್ ಮೆಡ್ಲಿಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕ್ಕಿ ಇಬ್ಬರದೂ 4 ನಿಮಿಷ 31.98 ಸೆಕೆಂಡು. ಗಡಿಯಾರವನ್ನು ಸಾವಿರದ ಅಂಶದವರೆಗೆ ಓದಿ, ಎರಡು ಸಾವಿರಾಂಶ ಮುಂದಿದ್ದ ಲಾರ್ಸನ್ನಿಗೆ ಚಿನ್ನ ಕೊಟ್ಟರು. ಆ ವೇಗದಲ್ಲಿ ಅದು ಮೂರು ಮಿಲಿಮೀಟರ್. ಕೊಳದ ಒಂದು ಲೇನಿಗೂ ಇನ್ನೊಂದಕ್ಕೂ ಉದ್ದದಲ್ಲೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಹುದು. ಗಾರೆಯವನ ಕೈಯಲ್ಲಿ ಚಿನ್ನದ ಹಣೆಬರಹ! ಆಮೇಲೆ ನಿಯಮ ಬದಲಾಯಿತು. ನೂರನೇ ಅಂಶದವರೆಗೆ ಸಮನಾದರೆ ಸಮ ಎಂದೇ ಲೆಕ್ಕ. 2016ರ ರಿಯೊದಲ್ಲಿ 100 ಮೀಟರ್ ಬಟರ್‌ಫ್ಲೈ ಚಿನ್ನವನ್ನು ಸಿಂಗಪುರದ ಜೋಸೆಫ್ ಸ್ಕೂಲಿಂಗ್ ಗೆದ್ದ. ಅವನ ಹಿಂದೆ ಮೈಕೆಲ್ ಫೆಲ್ಪ್ಸ್, ಚಾಡ್ ಲಿ ಕ್ಲೋಸ್, ಲಾಸ್ಲೊ ಚೆ ಮೂವರೂ 51.14. ಮೂವರಿಗೂ ಬೆಳ್ಳಿ ಕೊಟ್ಟರು, ಕಂಚು ಯಾರಿಗೂ ಇಲ್ಲ. ವರದಿಗಾರರು 'ಸ್ಲೈಟ್ಲಿ'ಗೆ ಜಾಗ ಸಿಗದೆ 'ಟೈ' ಎಂದು ಬರೆದು ಮುಗಿಸಿದರು.